ಫೋಟೋ ಹಿಂದೆ ಹೆಸರು ಬರೆದಿಡಿ

ಲಂಡನ್ನಿನಲ್ಲಿದ್ದಾಗ ಒಂದು ಶನಿವಾರ ಅಲ್ಲಿನ ದಕ್ಷಿಣ ಭಾಗದ ಒಂದು ಚರ್ಚ್ ಹಾಲಿನಲ್ಲಿ ಸ್ಕ್ಯಾನ್ ಮಾಡುವ ಕೆಲಸಕ್ಕೆ ಹೋಗಿದ್ದೆ. ಕೆರಿಬಿಯನ್ ದ್ವೀಪಗಳಿಂದ ಬಂದು ಅಲ್ಲೇ ನೆಲೆ ನಿಂತ ಹಿರಿಯರು ಮನೆಯಲ್ಲಿರುವ ಹಳೇ ಫೋಟೋ, ಕಾಗದ ಪತ್ರ ತರುತ್ತಾರೆ. ನಾವು ಅವರ ಎದುರಿಗೇ ಸ್ಕ್ಯಾನ್ ಮಾಡಿ, ಅಸಲನ್ನು ಅವರ ಕೈಗೇ ವಾಪಸ್ ಕೊಡಬೇಕು. ಇಷ್ಟೇ ಕೆಲಸ. ಸ್ನೇಹಿತೆಯೊಬ್ಬಳು ಕರೆದಳು ಅಂತ ಹೋದವಳು ನಾನು, ವಿಷಯ ಏನೂ ಗೊತ್ತಿರಲಿಲ್ಲ.

ನನ್ನ ಮೇಜಿಗೆ ಬಂದವರು ಎಂಬತ್ತು ದಾಟಿದ ಅಜ್ಜಿ. ಜಮೈಕಾದವರು. ಮೊಮ್ಮಗ ಕೈ ಹಿಡಿದು ಕರೆದುಕೊಂಡು ಬಂದಿದ್ದ. ಅವರ ತೊಡೆಯ ಮೇಲೆ ಅಂಚು ತುಕ್ಕು ಹಿಡಿದ ಒಂದು ಬಿಸ್ಕತ್ ಡಬ್ಬಿ. "ಇದರಲ್ಲಿ ನಿಮಗೆ ಬೇಕಾದ್ದು ಏನೂ ಇರಲಿಕ್ಕಿಲ್ಲ ಮಗಳೇ, ಬರೀ ಹಳೇ ಕಾಗದ" ಅಂದರು. ಆಮೇಲೆ ಒಂದೊಂದೇ ತೆಗೆದರು. ರಬ್ಬರ್ ಬ್ಯಾಂಡ್ ಹಾಕಿದ ಸಂಬಳದ ಚೀಟಿಗಳು. ಆ ರಬ್ಬರ್ ಬ್ಯಾಂಡ್ ಕರಗಿ ಕಾಗದಕ್ಕೇ ಅಂಟಿಕೊಂಡಿತ್ತು. ಮಡಚಿದ ಜಾಗದಲ್ಲಿ ಹರಿದ ಹಳೇ ಪಾಸ್‌ಪೋರ್ಟ್. ಚರ್ಚಿನ ವಾರ್ಷಿಕೋತ್ಸವದ ಕರಪತ್ರಗಳು. ಮತ್ತೆ ಅಂಗೈಯಷ್ಟು ದೊಡ್ಡ ಒಂದು ನೋಟ್‌ಬುಕ್, ಅದರ ತುಂಬಾ ಹೆಸರುಗಳು, ಹೆಸರಿನ ಮುಂದೆ ವಾರ ವಾರದ ಮೊತ್ತ, ಕೊಟ್ಟವರ ಮುಂದೆ ಸಣ್ಣದೊಂದು ಗೀಟು.

ಅದು ಚೀಟಿ ಪುಸ್ತಕ! ಹತ್ತಾರು ಜನ ಸೇರಿ ವಾರ ವಾರ ದುಡ್ಡು ಹಾಕಿ, ಸರದಿ ಪ್ರಕಾರ ಒಬ್ಬೊಬ್ಬರು ಪೂರ್ತಿ ಮೊತ್ತ ಎತ್ತಿಕೊಳ್ಳುವುದು. ಜಮೈಕಾದವರು ಅದಕ್ಕೆ ಪಾರ್ಡ್ನರ್ ಅಂತಾರೆ. 1950–60ರ ದಶಕದಲ್ಲಿ ಬ್ರಿಟನ್ನಿನಲ್ಲಿ ಕಪ್ಪು ಜನರಿಗೆ ಬ್ಯಾಂಕಿನಿಂದ ಮನೆ ಸಾಲ ಸಿಗುವುದು ಬಹಳ ಕಷ್ಟವಿತ್ತು. ಬಾಡಿಗೆ ಮನೆ ಕೂಡ ಮುಖ ನೋಡಿ ಇಲ್ಲ ಅನ್ನುತ್ತಿದ್ದರು. ಹಾಗಾಗಿ ಎಷ್ಟೋ ಕುಟುಂಬಗಳು ಮೊದಲ ಮನೆಗೆ ಮುಂಗಡ ಕೊಟ್ಟಿದ್ದು ಇಂಥ ಚೀಟಿ ದುಡ್ಡಿನಿಂದಲೇ. ಅಂದರೆ ಆ ಅಂಗೈಯಗಲದ ಪುಸ್ತಕದಲ್ಲಿ ಒಂದು ಬೀದಿಯ ಜನ ತಲೆ ಮೇಲೊಂದು ಸೂರು ಮಾಡಿಕೊಂಡ ಕತೆ ಇದೆ, ಯಾರು ಯಾವ ವಾರ ತಪ್ಪಿಸಿದರು ಅನ್ನುವವರೆಗೂ ಇದೆ. ಅಜ್ಜಿ ಪಾಲಿಗೆ ಮಾತ್ರ ಅದು ಹಳೇ ಕಾಗದ.

ಕಪ್ಪು ಜನರು ತಮ್ಮ ಹಳೇ ಕಾಗದ, ಫೋಟೋಗಳನ್ನು ತಾವೇ ಕೂಡಿಟ್ಟ ಕತೆಯ ಹುಚ್ಚು ನನಗೆ ಹಿಡಿದಿದ್ದು ಅವತ್ತೇ. ಆಮೇಲೆ ಓದಿದ್ದು, ಸುತ್ತಿದ್ದು, ಕೇಳಿದ್ದು ಎಲ್ಲಾ ಸೇರಿಸಿ ಬರೆಯುತ್ತಿದ್ದೇನೆ.

ಹಳೇ ಕಾಗದದ ಬೆಲೆ ಏನು ಅಂತ ಬ್ರಿಟನ್ನಿನ ಕಪ್ಪು ಜನರಿಗೆ ತುಂಬಾ ಕಹಿಯಾಗಿ ಗೊತ್ತಾಗಿದ್ದು 2018ರಲ್ಲಿ. 1948ರ ಜೂನ್ 22ರಂದು ಎಂಪೈರ್ ವಿಂಡ್‌ರಶ್ ಅನ್ನುವ ಹಡಗು ಟಿಲ್ಬರಿ ಬಂದರಿನಲ್ಲಿ ಜನರನ್ನು ಇಳಿಸಿತು. ಅದರಲ್ಲಿ ಮತ್ತು ಅದರ ನಂತರ ಕೆರಿಬಿಯನ್ನಿನಿಂದ ಬಂದವರನ್ನೆಲ್ಲ ವಿಂಡ್‌ರಶ್ ಪೀಳಿಗೆ ಅಂತಾರೆ. ಯುದ್ಧದಲ್ಲಿ ಬಸವಳಿದ ದೇಶಕ್ಕೆ ದುಡಿಯುವ ಕೈ ಬೇಕಿತ್ತು. ಬಸ್ಸು ಓಡಿಸಲು, ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳಲು ಇವರು ಬಂದರು, ಬ್ರಿಟಿಷ್ ಪ್ರಜೆಗಳಾಗಿಯೇ ಬಂದರು. ಎಷ್ಟೋ ಮಕ್ಕಳು ಅಪ್ಪ ಅಮ್ಮನ ಪಾಸ್‌ಪೋರ್ಟಿನಲ್ಲೇ ಬಂದಿದ್ದವು. 1973ಕ್ಕೆ ಮೊದಲೇ ನೆಲೆಸಿದವರಿಗೆ ಕಾನೂನು ಉಳಿಯುವ ಹಕ್ಕು ಕೊಟ್ಟಿತು, ಆದರೆ ಹಕ್ಕು ಇದೆ ಅಂತ ತೋರಿಸುವ ಕಾಗದ ಕೊಡಲಿಲ್ಲ. ನಲವತ್ತು ವರ್ಷ ಆದ ಮೇಲೆ ಸರ್ಕಾರವೇ ಕಾಗದ ತೋರಿಸು ಅಂತ ಕೇಳಿತು. ಅಲ್ಲಿ ಬದುಕಿದ ಪ್ರತಿ ವರ್ಷಕ್ಕೂ ಪುರಾವೆ ತಾ ಅಂದಿತು. ಅಷ್ಟರಲ್ಲಿ, 2010ರಲ್ಲಿ, ಈ ಜನ ಬಂದಿಳಿದಾಗಿನ ಸಾವಿರಾರು ಲ್ಯಾಂಡಿಂಗ್ ಕಾರ್ಡುಗಳನ್ನು ಗೃಹ ಇಲಾಖೆಯೇ ನಾಶ ಮಾಡಿ ಆಗಿತ್ತು.

ಕೆಲಸ ಹೋಯಿತು, ಮನೆ ಹೋಯಿತು, ಕೆಲವರಿಗೆ ಕ್ಯಾನ್ಸರ್ ಚಿಕಿತ್ಸೆಗೂ ತಡೆ ಬಂತು. ಕಡಿಮೆ ಅಂದರೂ 83 ಜನರನ್ನು ತಪ್ಪಾಗಿ ದೇಶದಿಂದ ಹೊರಗೆ ಕಳಿಸಿದ್ದರು. ಆಗ ಕೆಲವರನ್ನು ಕಾಪಾಡಿದ್ದು ಏನು ಗೊತ್ತಾ? ಇಂಥ ಡಬ್ಬಿಗಳೇ. ಶಾಲೆಯ ಅಂಕಪಟ್ಟಿ, ಸಂಬಳದ ಚೀಟಿ, ಯಾವುದೋ ವರ್ಷದ ಬಾಡಿಗೆ ರಸೀದಿ. ಅಜ್ಜಿಯ ರಬ್ಬರ್ ಬ್ಯಾಂಡ್ ಕಟ್ಟು ನೋಡಿದಾಗ ನಾನು ನಕ್ಕಿದ್ದೆ, ಇಷ್ಟೊಂದು ಯಾಕೆ ಇಟ್ಟುಕೊಂಡಿದ್ದೀರಿ ಅಂತ. "ಕೇಳ್ತಾರೆ" ಅಂದರು. ಅಷ್ಟೇ ಅಂದರು.

ದಕ್ಷಿಣ ಲಂಡನ್ನಿನ ಬ್ರಿಕ್ಸ್‌ಟನ್ನಿನಲ್ಲಿ ವಿಂಡ್‌ರಶ್ ಸ್ಕ್ವೇರ್ ಅಂತ ಒಂದು ಚೌಕ ಇದೆ. ಅದರ 1ನೇ ನಂಬರಿನ ಕಟ್ಟಡ ಬ್ಲ್ಯಾಕ್ ಕಲ್ಚರಲ್ ಆರ್ಕೈವ್ಸ್. ಆರ್ಕೈವ್ ಅಂದರೆ ಹಳೇ ಕಾಗದ ಪತ್ರ, ಫೋಟೋಗಳನ್ನು ಜೋಪಾನವಾಗಿ ಕೂಡಿಡುವ ಜಾಗ. ಇದು ಸರ್ಕಾರ ಕಟ್ಟಿಸಿಕೊಟ್ಟ ಮ್ಯೂಸಿಯಂ ಅಲ್ಲ. ಹುಟ್ಟಿದ್ದು 1981ರಲ್ಲಿ. ಆ ವರ್ಷ ಹೇಗಿತ್ತು ಅಂದರೆ, ಜನವರಿ 18ರಂದು ನ್ಯೂ ಕ್ರಾಸ್‌ನ ಒಂದು ಮನೆಯಲ್ಲಿ ಹುಟ್ಟುಹಬ್ಬದ ಪಾರ್ಟಿ ನಡೆಯುತ್ತಿದ್ದಾಗ ಬೆಂಕಿ ಬಿದ್ದು 13 ಜನ ಕಪ್ಪು ಎಳೆಯರು ಸತ್ತರು. ಸರ್ಕಾರದಿಂದ ಸಂತಾಪದ ಮಾತೂ ಬರಲಿಲ್ಲ ಅಂತ ಜನ ಕುದಿದರು. ಮಾರ್ಚ್ 2ರಂದು ಸುಮಾರು 20,000 ಜನ ಕೆಲಸ ಬಿಟ್ಟು ಲಂಡನ್ನಿನ ಬೀದಿಯಲ್ಲಿ ನಡೆದರು. ಏಪ್ರಿಲ್‌ನಲ್ಲಿ ಗಲಭೆಯೆದ್ದು ಬ್ರಿಕ್ಸ್‌ಟನ್ ಹೊತ್ತಿ ಉರಿಯಿತು. ಆ ಬಿಸಿಯಲ್ಲೇ ಲೆನ್ ಗ್ಯಾರಿಸನ್ ಅನ್ನುವ ಜಮೈಕಾ ಮೂಲದ ಶಿಕ್ಷಣತಜ್ಞ ಮತ್ತು ಅವರ ಜೊತೆಗಾರರು ಸೇರಿ ಆರ್ಕೈವ್ ಶುರು ಮಾಡಿದರು.

ಊರಿಗೆ ಬೆಂಕಿ ಬಿದ್ದಾಗ ಕಾಗದ ಯಾಕೆ ಕೂಡಿಡುತ್ತಾರೆ ಅಂತ ನನಗೂ ಮೊದಲು ಅನಿಸಿತ್ತು. ಆದರೆ ಗ್ಯಾರಿಸನ್‌ಗೆ ಇದ್ದಿದ್ದು ಶಾಲೆಯ ಚಿಂತೆ. ಆ ಕಾಲದಲ್ಲಿ ಕೆರಿಬಿಯನ್ ಮಕ್ಕಳನ್ನು ಬುದ್ಧಿ ಸಾಲದವರು ಅಂತ ಬರೆದು ಬೇರೆ ಶಾಲೆಗೆ ತಳ್ಳುತ್ತಿದ್ದರು. ಪಠ್ಯಪುಸ್ತಕದಲ್ಲಿ ತಮ್ಮಂಥ ಮುಖ ಒಂದೂ ಕಾಣದ ಮಗು ತನ್ನ ಬಗ್ಗೆ ಏನಂದುಕೊಂಡೀತು? ಅವರ ಜನ ಆ ದೇಶದಲ್ಲಿ ಎಷ್ಟೋ ಕಾಲದಿಂದ ಇದ್ದಾರೆ, ಬರೆದಿದ್ದಾರೆ, ಹೋರಾಡಿದ್ದಾರೆ ಅಂತ ಕಣ್ಣಿಗೆ ತೋರಿಸುವ ವಸ್ತು ಬೇಕಿತ್ತು. ಹಾಗಾಗಿ ಕೂಡಿಟ್ಟರು. ಕೋಲ್ಡ್‌ಹಾರ್ಬರ್ ಲೇನಿನ ಒಂದು ಸಣ್ಣ ಜಾಗದಲ್ಲಿ ವರ್ಷಗಟ್ಟಲೆ ಇದ್ದು, ಈಗಿನ ಕಟ್ಟಡಕ್ಕೆ ಬಂದಿದ್ದು 2014ರಲ್ಲಿ. 33 ವರ್ಷ! ಗ್ಯಾರಿಸನ್ 2003ರಲ್ಲೇ ತೀರಿಕೊಂಡಿದ್ದರು, ಅದನ್ನು ನೋಡಲಿಲ್ಲ. ಇದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು.

ನ್ಯೂ ಕ್ರಾಸ್ ಬೆಂಕಿಯ ನಂತರ ಹೋರಾಡಿದ ಸಮಿತಿಯ ಕಾಗದಗಳು ಇರುವುದು ಇನ್ನೊಂದು ಕಡೆ, ಉತ್ತರ ಲಂಡನ್ನಿನ ಜಾರ್ಜ್ ಪ್ಯಾಡ್ಮೋರ್ ಇನ್‌ಸ್ಟಿಟ್ಯೂಟ್‌ನಲ್ಲಿ. ಟ್ರಿನಿಡಾಡ್‌ನ ಜಾನ್ ಲಾ ರೋಸ್ ಮತ್ತು ಗೆಳೆಯರು 1991ರಲ್ಲಿ ಕಟ್ಟಿದ ಸಂಸ್ಥೆ ಇದು. ಅದರ ಕೆಳಗೆ ಒಂದು ಪುಸ್ತಕದಂಗಡಿ, ನ್ಯೂ ಬೀಕನ್ ಬುಕ್ಸ್. ಅದು ಅವರೇ 1966ರಲ್ಲಿ ಶುರು ಮಾಡಿದ್ದು. ಅಂಗಡಿ, ಪ್ರಕಾಶನ, ಹೋರಾಟ, ದಾಖಲೆ ಎಲ್ಲಾ ಒಂದೇ ಮನೆಯೊಳಗೆ. ಇದು ನನಗೆ ಬಹಳ ಹಿಡಿಸಿದ ವಿಷಯ. ದೊಡ್ಡ ಸಂಸ್ಥೆಗಳು ಎಲ್ಲಾ ಮುಗಿದ ಮೇಲೆ ಬಂದು ಪೆಟ್ಟಿಗೆ ಹುಡುಕುತ್ತವೆ. ಇಲ್ಲಿ ಕರಪತ್ರ ಅಚ್ಚು ಹಾಕಿದವರೇ ಅದರ ಒಂದು ಪ್ರತಿ ತೆಗೆದಿಟ್ಟರು.

ಅಟ್ಲಾಂಟಿಕ್ಕಿನ ಆ ಕಡೆ ಈ ಕೆಲಸ ಇನ್ನೂ ಹಳೆಯದು. ಆರ್ಟುರೋ ಶೋಂಬರ್ಗ್ 1874ರಲ್ಲಿ ಪೋರ್ಟೊ ರಿಕೋದಲ್ಲಿ ಹುಟ್ಟಿದವರು. ಶಾಲೆಯಲ್ಲಿ ಟೀಚರ್ ಒಬ್ಬರು ಕಪ್ಪು ಜನರಿಗೆ ಇತಿಹಾಸವೇ ಇಲ್ಲ ಅಂದರಂತೆ. ಆ ಹುಡುಗ ಜೀವನಪೂರ್ತಿ ಅದಕ್ಕೆ ಉತ್ತರ ಕೂಡಿಹಾಕಿದ. ನ್ಯೂಯಾರ್ಕಿನ ಒಂದು ಬ್ಯಾಂಕಿನಲ್ಲಿ ಟಪಾಲು ವಿಭಾಗದ ಕೆಲಸ, ಸಿಕ್ಕ ಸಂಬಳದಲ್ಲಿ ಹಳೇ ಪುಸ್ತಕ, ಹಸ್ತಪ್ರತಿ, ಚಿತ್ರ. 1926ರಲ್ಲಿ ಕಾರ್ನೆಗಿ ಕಾರ್ಪೊರೇಷನ್ 10,000 ಡಾಲರ್ ಕೊಟ್ಟು ಆ ಸಂಗ್ರಹವನ್ನು ನ್ಯೂಯಾರ್ಕಿನಲ್ಲಿ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನ 135ನೇ ಬೀದಿಯ ಸಾರ್ವಜನಿಕ ಲೈಬ್ರರಿಗೆ ಕೊಂಡುಕೊಟ್ಟಿತು. ಇವತ್ತಿನ ಶೋಂಬರ್ಗ್ ಸೆಂಟರ್ ಅದೇ. ಅಚ್ಚರಿ ಅಂದರೆ, ಸುಮಾರು ಅರವತ್ತು ವರ್ಷ ಬಿಟ್ಟು ಪೆನ್ಸಿಲ್ವೇನಿಯಾದಲ್ಲಿ ಚಾರ್ಲ್ಸ್ ಬ್ಲಾಕ್ಸನ್ ಅನ್ನುವ ಇನ್ನೊಬ್ಬ ಹುಡುಗನಿಗೂ ಕ್ಲಾಸಿನಲ್ಲಿ ಇದೇ ಮಾತು ಕೇಳಿಬಂತು. ಅವರೂ ಕೂಡಿಡಲು ಶುರು ಮಾಡಿದರು, ಆ ಸಂಗ್ರಹ ಈಗ ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದಲ್ಲಿದೆ. ಅರವತ್ತು ವರ್ಷದಲ್ಲಿ ಶಾಲೆಯ ಆ ಮಾತು ಒಂಚೂರೂ ಬದಲಾಗಿರಲಿಲ್ಲ ಅಲ್ವಾ.

ಶೋಂಬರ್ಗ್ ಸೆಂಟರ್ 2013ರಲ್ಲಿ ಭಾರತದ ಆಫ್ರಿಕನ್ನರ ಬಗ್ಗೆಯೇ ಒಂದು ಪ್ರದರ್ಶನ ಮಾಡಿತ್ತು. ಗುಲಾಮನಾಗಿ ಬಂದು ದಖ್ಖನ್ನಿನಲ್ಲಿ ಅಧಿಕಾರಕ್ಕೇರಿದ ಮಲಿಕ್ ಅಂಬರ್‌ನಂಥವರ ಕತೆ, ಸಿದ್ದಿ ಜನರ ಕತೆ. ಹಾರ್ಲೆಮ್‌ನವರು ತಮ್ಮ ಬಂಧುಬಳಗದ ಪಟ್ಟಿಯಲ್ಲಿ ಅವರನ್ನೂ ಸೇರಿಸಿಕೊಂಡಿದ್ದಾರೆ ಅಂತ ತಿಳಿದು ಖುಷಿಯಾಯಿತು.

ಈಗ ನನಗೆ ತುಂಬಾ ಇಷ್ಟವಾದವರ ವಿಷಯ. ಡೊರೊಥಿ ಪೋರ್ಟರ್. ಹಾರ್ವರ್ಡ್ ಅಲ್ಲ, ವಾಷಿಂಗ್ಟನ್ನಿನ ಹವರ್ಡ್ ವಿಶ್ವವಿದ್ಯಾಲಯ, ಕಪ್ಪು ವಿದ್ಯಾರ್ಥಿಗಳಿಗೆ ಹೆಸರಾದದ್ದು. ಅಲ್ಲಿ 1930ರಿಂದ 1973ರವರೆಗೆ ಲೈಬ್ರೇರಿಯನ್ ಆಗಿದ್ದರು. ಕೊಳ್ಳಲು ದುಡ್ಡಿಲ್ಲ. ಪ್ರಕಾಶಕರಿಗೆ ಪತ್ರ ಬರೆದು ಪುಸ್ತಕ ಕೇಳುವುದು, ಯಾರಾದರೂ ತೀರಿಕೊಂಡರೆ ಅವರ ಮನೆಗೆ ಹೋಗಿ ಅಟ್ಟದಲ್ಲಿರುವ ಕಾಗದ ಉಳಿಸಿಕೊಂಡು ಬರುವುದು. ಆದರೆ ಅವರು ಮಾಡಿದ ಇನ್ನೊಂದು ಕೆಲಸ ಇದೆ. ಲೈಬ್ರರಿಗಳಲ್ಲಿ ಪುಸ್ತಕ ಜೋಡಿಸಲು ಡ್ಯೂಯಿ ನಂಬರ್ ಪದ್ಧತಿ ಅಂತ ಇದೆಯಲ್ಲ, ಅದರಲ್ಲಿ 326 ಅಂದರೆ ಗುಲಾಮಗಿರಿ, 325 ಅಂದರೆ ವಲಸೆ ಮತ್ತು ವಸಾಹತು. ಕಪ್ಪು ಲೇಖಕರ ಪುಸ್ತಕಗಳನ್ನೆಲ್ಲ ಲೈಬ್ರರಿಗಳು ಈ ಎರಡು ನಂಬರಿನಲ್ಲೇ ತುರುಕುತ್ತಿದ್ದವು. ಜೇಮ್ಸ್ ವೆಲ್ಡನ್ ಜಾನ್ಸನ್ ಅವರ ಕವನ ಸಂಕಲನವೂ 325ಕ್ಕೇ ಹೋಗುತ್ತಿತ್ತು! ಕವಿತೆ ಬರೆದರೂ ವಲಸೆ, ವಿಜ್ಞಾನ ಬರೆದರೂ ಗುಲಾಮಗಿರಿ. ಪೋರ್ಟರ್ ಆ ಪದ್ಧತಿಯನ್ನು ಪಕ್ಕಕ್ಕಿಟ್ಟು, ಕವಿತೆಯನ್ನು ಕವಿತೆಯ ಜೊತೆ, ಸಂಗೀತವನ್ನು ಸಂಗೀತದ ಜೊತೆ, ಬರೆದವರ ಹೆಸರಿನ ಪ್ರಕಾರ ಇಟ್ಟರು.

ಕೇಳಲಿಕ್ಕೆ ಇದು ಗುಮಾಸ್ತರ ಕೆಲಸದ ಹಾಗೆ ಕಾಣುತ್ತೆ. ಆದರೆ ಯೋಚಿಸಿ ನೋಡಿ. ಪುಸ್ತಕ ಇದ್ದೂ ತಪ್ಪು ಕಪಾಟಿನಲ್ಲಿದ್ದರೆ ಹುಡುಕಿದವರಿಗೆ ಸಿಗೋದೇ ಇಲ್ಲ. ಫೋಟೋ ಇದ್ದೂ ಅದರ ಕೆಳಗೆ 'ಅಪರಿಚಿತ ಕಪ್ಪು ಮಹಿಳೆ' ಅಂತ ಬರೆದಿದ್ದರೆ ಮೊಮ್ಮಗಳು ಬಂದರೂ ಅಜ್ಜಿಯನ್ನು ಗುರುತಿಸಲಾಗಲ್ಲ. ಸಮುದಾಯದವರೇ ಆರ್ಕೈವ್ ನಡೆಸಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಕಟ್ಟಡ, ಏಸಿ, ಕಬ್ಬಿಣದ ಕಪಾಟು ಇವೆಲ್ಲ ದೊಡ್ಡ ಸಂಸ್ಥೆಗಳ ಹತ್ತಿರ ಜಾಸ್ತಿಯೇ ಇದೆ. ಆ ಫೋಟೋದಲ್ಲಿರುವುದು ಯಾರು ಅನ್ನುವುದು ಮಾತ್ರ ಅವರ ಹತ್ತಿರ ಇಲ್ಲ.

ಹೆಸರು ಸುಮ್ನೆ ಕಳೆದುಹೋಗಿದ್ದಲ್ಲ, ಬರೆಯದೇ ಬಿಟ್ಟಿದ್ದು. ಅಮೆರಿಕದ 1850 ಮತ್ತು 1860ರ ಜನಗಣತಿಯಲ್ಲಿ ಗುಲಾಮರಿಗೆ ಬೇರೆ ಪಟ್ಟಿ. ಮಾಲೀಕನ ಹೆಸರು ಇರುತ್ತೆ, ಅದರ ಕೆಳಗೆ ಸಾಲಾಗಿ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಹೆಸರಿಲ್ಲ. ಬಿಡುಗಡೆಯಾದವರ ಹೆಸರು ಜನಗಣತಿಯಲ್ಲಿ ಬರುವುದು 1870ಕ್ಕೆ. ತಮ್ಮ ವಂಶ ಹುಡುಕಿಕೊಂಡು ಹೋಗುವ ಕಪ್ಪು ಅಮೆರಿಕನ್ನರು ಅಲ್ಲಿಗೆ ಬಂದು ನಿಂತುಬಿಡುತ್ತಾರೆ. ಅದನ್ನು ಇಟ್ಟಿಗೆ ಗೋಡೆ ಅಂತಲೇ ಕರೆಯುತ್ತಾರೆ.

ಆ ಗೋಡೆಯಲ್ಲಿ ಒಂದೆರಡು ಕಿಂಡಿಗಳಿವೆ. ನ್ಯೂ ಆರ್ಲಿಯನ್ಸ್‌ನಲ್ಲಿ ಕಪ್ಪು ಜನರ ಚರ್ಚುಗಳಿಗೆ ಹೋಗುತ್ತಿದ್ದ ಒಂದು ಪತ್ರಿಕೆ 1879ರಲ್ಲಿ ಒಂದು ಅಂಕಣ ಶುರು ಮಾಡಿತು. ಅಂಕಣದ ಹೆಸರಿನ ಅರ್ಥ 'ಕಳೆದುಹೋದ ನಮ್ಮವರು'. ಗುಲಾಮಗಿರಿಯಲ್ಲಿ ಮಾರಾಟವಾಗಿ ಬೇರೆಯಾದ ಅಮ್ಮ, ತಮ್ಮ, ಮಗಳನ್ನು ಹುಡುಕುವವರು 50 ಸೆಂಟ್ ಕೊಟ್ಟು ಜಾಹೀರಾತು ಹಾಕುತ್ತಿದ್ದರು. ನಮ್ಮ ಮಾಲೀಕ ಇಂಥವನು, ಆಮೇಲೆ ಇಂಥವನಿಗೆ ಮಾರಿದರು, ಅಮ್ಮನ ಹೆಸರು ಇದು, ಕೊನೆಗೆ ನೋಡಿದ್ದು ಇಂಥ ಊರಿನಲ್ಲಿ. ಪಾದ್ರಿಗಳು ಇದನ್ನು ಭಾನುವಾರ ಚರ್ಚಿನಲ್ಲಿ ಗಟ್ಟಿಯಾಗಿ ಓದಬೇಕು ಅಂತ ಪತ್ರಿಕೆ ಕೇಳಿಕೊಂಡಿತ್ತು. ಬೇರೆಯಾಗಿ ಇಪ್ಪತ್ತು ಮೂವತ್ತು ವರ್ಷ ಆದ ಮೇಲೂ ಹುಡುಕುತ್ತಿದ್ದರು. ಆ ಜಾಹೀರಾತುಗಳು ಈಗ ಅಂತರ್ಜಾಲದಲ್ಲಿ ಸಿಗುತ್ತವೆ. ನಾಲ್ಕು ಓದಿದೆ, ಐದನೆಯದು ಓದಲಾಗದೆ ಲ್ಯಾಪ್‌ಟಾಪ್ ಮುಚ್ಚಿದೆ.

ಬ್ರೆಜಿಲ್ಲಿನಲ್ಲಿ ಇನ್ನೂ ಘೋರ. ಆಫ್ರಿಕಾದಿಂದ ಅತಿ ಹೆಚ್ಚು ಗುಲಾಮರನ್ನು ಇಳಿಸಿಕೊಂಡ ದೇಶ ಅದು, ಹತ್ತಿರ ಹತ್ತಿರ 50 ಲಕ್ಷ ಜನ. 1888ರಲ್ಲಿ ಗುಲಾಮಗಿರಿ ನಿಂತಿತು, 1890ರಲ್ಲಿ ಹಣಕಾಸು ಮಂತ್ರಿ ರುಯಿ ಬರ್ಬೋಸಾ ಗುಲಾಮಗಿರಿಯ ಸರ್ಕಾರಿ ದಾಖಲೆಗಳನ್ನು ಸುಟ್ಟುಹಾಕಲು ಆದೇಶ ಕೊಟ್ಟರು. ಮಾಲೀಕರು ಪರಿಹಾರ ಕೇಳಿಕೊಂಡು ಬರದಿರಲಿ ಅಂತಲೇ ಹಾಗೆ ಮಾಡಿದ್ದು ಅನ್ನುವವರಿದ್ದಾರೆ. ಏನೇ ಇರಲಿ, ಸುಟ್ಟಿದ್ದು ಸುಟ್ಟಿದ್ದೇ. ಆದರೆ ನೆಲ ಸುಡಲಿಲ್ಲ. 1996ರಲ್ಲಿ ರಿಯೋ ಬಂದರಿನ ಹತ್ತಿರ ಒಂದು ಕುಟುಂಬ ಮನೆ ರಿಪೇರಿಗೆ ಅಂತ ನೆಲ ಅಗೆದರೆ ಮೂಳೆಗಳು ಸಿಕ್ಕವು. ಹಡಗಿನಿಂದ ಇಳಿದು ಮಾರಾಟವಾಗುವ ಮೊದಲೇ ಸತ್ತವರನ್ನು ಎಸೆದ ಸ್ಮಶಾನ ಅದು. ಆ ಕುಟುಂಬ ಮನೆಯನ್ನೇ ಸ್ಮಾರಕವಾಗಿ ಮಾಡಿತು.

ಸಣ್ಣ ಆರ್ಕೈವ್‌ಗಳಿಗೆ ದುಡ್ಡಿಲ್ಲ ಅನ್ನುವುದು ಹಳೇ ಗೋಳು, ಆದರೆ ನಿಜವಾದ ಗೋಳು. ಲಾಸ್ ಏಂಜಲಿಸ್‌ನಲ್ಲಿ ಮೇಮ್ ಕ್ಲೇಟನ್ ಅನ್ನುವ ಲೈಬ್ರೇರಿಯನ್ ದಶಕಗಟ್ಟಲೆ ಕೂಡಿಟ್ಟ ಪುಸ್ತಕ, ಸಿನಿಮಾ ರೀಲುಗಳು ಇದ್ದಿದ್ದು ಅವರ ಮನೆ ಹಿಂದಿನ ಗ್ಯಾರೇಜಿನಲ್ಲಿ. ಶಿಕಾಗೋದ ಮಾರ್ಗರೆಟ್ ಬರೋಸ್ ಮತ್ತು ಅವರ ಗಂಡ 1961ರಲ್ಲಿ ಮ್ಯೂಸಿಯಂ ತೆರೆದಿದ್ದು ತಮ್ಮ ವಾಸದ ಮನೆಯಲ್ಲೇ, ಅದೇ ಬೆಳೆದು ಡುಸಾಬಲ್ ಮ್ಯೂಸಿಯಂ ಆಯಿತು. ಕಾಗದವಾದರೂ ತಡೆಯುತ್ತೆ. ಕ್ಯಾಸೆಟ್ ತಡೆಯಲ್ಲ. ಎಪ್ಪತ್ತು ಎಂಬತ್ತರ ದಶಕದಲ್ಲಿ ಹಿರಿಯರ ಮಾತು ಟೇಪಿನಲ್ಲಿ ಹಿಡಿದಿಟ್ಟ ಸಂಘಗಳು ಎಷ್ಟೋ ಇದ್ದವು, ಆ ಟೇಪು ಈಗ ಅಂಟಂಟಾಗಿದೆ, ಓಡಿಸುವ ಯಂತ್ರವೂ ಸಿಗಲ್ಲ. ನನ್ನ ಕೈಗೆ ದುಡ್ಡು ಕೊಟ್ಟರೆ ಮೊದಲು ಕ್ಯಾಸೆಟ್‌ಗೆ ಖರ್ಚು ಮಾಡುತ್ತೇನೆ, ಆಮೇಲೆ ಕಟ್ಟಡಕ್ಕೆ ಬಣ್ಣ.

ಇನ್ನೊಂದು ವಸ್ತು ಹೇಳಲೇಬೇಕು. ಕಪ್ಪು ಚರ್ಚುಗಳಲ್ಲಿ ಅಂತ್ಯಕ್ರಿಯೆಗೆ ಒಂದು ಪುಟ್ಟ ಪುಸ್ತಿಕೆ ಅಚ್ಚು ಹಾಕಿ ಹಂಚುತ್ತಾರೆ. ತೀರಿಕೊಂಡವರ ಫೋಟೋ, ಹುಟ್ಟಿದ ಊರು, ಮಾಡಿದ ಕೆಲಸ, ಅವರು ಬಿಟ್ಟುಹೋದ ಮಕ್ಕಳು ಮೊಮ್ಮಕ್ಕಳ ಹೆಸರು, ಶವಪೆಟ್ಟಿಗೆ ಹೊತ್ತವರ ಹೆಸರು. ಪತ್ರಿಕೆಗಳು ಕಪ್ಪು ಜನರ ಸಾವಿನ ಸುದ್ದಿಯನ್ನು ಹಾಕದಿದ್ದ ಕಾಲದಲ್ಲಿ ಎಷ್ಟೋ ಜನರ ಬದುಕು ಅಚ್ಚಾಗಿದ್ದು ಈ ಪುಸ್ತಿಕೆಯಲ್ಲಿ ಮಾತ್ರ. ಜಾರ್ಜಿಯಾದ ಲೈಬ್ರರಿಗಳು ಇಂಥವನ್ನು ಸಾವಿರಗಟ್ಟಲೆ ಪುಟ ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಟ್ಟಿವೆ. ಅಜ್ಜಿಯ ಡಬ್ಬಿಯಲ್ಲೂ ಇವು ಹನ್ನೊಂದು ಇದ್ದವು. ಒಂದೊಂದನ್ನೂ ಸ್ಕ್ಯಾನರ್ ಗಾಜಿನ ಮೇಲೆ ಇಡುವ ಮೊದಲು ಅಜ್ಜಿ ಕೈಯಲ್ಲಿ ಹಿಡಿದು ಒಂದು ಸಲ ನೋಡುತ್ತಿದ್ದರು, ನಾನು ಕಾಯುತ್ತಿದ್ದೆ.

ಸ್ಕ್ಯಾನ್ ಮಾಡಬಾರದ್ದೂ ಒಂದಿತ್ತು. ಅವರಮ್ಮ ಜಮೈಕಾದಿಂದ ಬರೆದ ಪತ್ರ. ನಾನು ಕೈ ಚಾಚಿದೆ, ಅಜ್ಜಿ ತಲೆ ಅಲ್ಲಾಡಿಸಿ ಡಬ್ಬಿಯೊಳಗೆ ವಾಪಸ್ ಇಟ್ಟರು. ಪಕ್ಕದ ಮೇಜಿನ ಹುಡುಗ, ಚರಿತ್ರೆ ಓದುತ್ತಿದ್ದವನು, "ಅದು ತುಂಬಾ ಮುಖ್ಯವಾದ ದಾಖಲೆ ಆಗಬಹುದು" ಅಂತ ಪಿಸುಗುಟ್ಟಿದ. ಆಗಬಹುದು. ಆದರೂ ಅದು ಅವರದ್ದು. ಬೇಡ ಅಂದದ್ದನ್ನು ಬೇಡ ಅಂತ ಒಪ್ಪಿಕೊಳ್ಳುವುದು ಈ ಕೆಲಸದ ಅರ್ಧ ಭಾಗ ಅಂತ ನನಗೆ ಅನಿಸುತ್ತೆ. ಈ ಜನರ ಬಗ್ಗೆ ಅವರನ್ನು ಕೇಳದೆ ಬರೆದಿದ್ದೇ ಶತಮಾನಗಟ್ಟಲೆ ಇದೆ.

ಕೊನೆಗೆ ಒಂದು ಫೋಟೋ ಬಂತು. ಇಟ್ಟಿಗೆ ಗೋಡೆಯ ಮುಂದೆ ಐದು ಜನ ಹೆಂಗಸರು, ದಪ್ಪ ಕೋಟು, ತಲೆಗೆ ಟೋಪಿ, ಕೈಯಲ್ಲಿ ಪರ್ಸು. ತುಂಬಾ ಚಳಿಯ ದಿನ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. ತಿರುಗಿಸಿ ನೋಡಿದೆ, ಹಿಂದೆ ಏನೂ ಬರೆದಿರಲಿಲ್ಲ. ಮೆತ್ತನೆಯ ಪೆನ್ಸಿಲ್ ಕೊಟ್ಟೆ. ಪೆನ್ನಿನ ಶಾಯಿ ಮುಂದಕ್ಕೆ ಹಾಯುತ್ತೆ, ಪೆನ್ಸಿಲ್ ಹಾಯಲ್ಲ ಅಂತ ಬೆಳಿಗ್ಗೆ ನಮಗೆ ಹೇಳಿಕೊಟ್ಟಿದ್ದರು. ಅಜ್ಜಿ ನಿಧಾನಕ್ಕೆ ನಾಲ್ಕು ಹೆಸರು ಬರೆದರು. ಎಡದಿಂದ ಎರಡನೆಯವರು ತಾವೇ. ಕೊನೆಯವರ ಹತ್ತಿರ ನಿಂತರು. "ಆಸ್ಪತ್ರೆಯಲ್ಲಿ ನನ್ನ ಜೊತೆ ರಾತ್ರಿ ಪಾಳಿ. ಚೀಟಿಯಲ್ಲೂ ಇದ್ದಳು. ಹೆಸರು ನಾಲಿಗೆ ತುದಿಯಲ್ಲೇ ಇದೆ" ಅಂದರು. ಬರಲಿಲ್ಲ. ಜಾಗ ಖಾಲಿ ಬಿಟ್ಟು ಹೋದರು.

ಆಮೇಲೆ ನಾವು ಸ್ಕ್ಯಾನ್ ಮಾಡಿದ ಚೀಟಿ ಪುಸ್ತಕ ತೆಗೆದು ಕೂತೆ. ಅದರಲ್ಲಿದ್ದ ಹದಿನಾಲ್ಕು ಹೆಸರನ್ನೂ ಒಂದು ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು, ಮೊಮ್ಮಗನಿಗೆ ಕಳಿಸಿದೆ, ಅಜ್ಜಿಗೆ ಓದಿ ಹೇಳಪ್ಪಾ ಅಂತ. ಮರುದಿನ ಸಂಜೆ ಅವನ ಮೆಸೇಜ್ ಬಂತು. ಒಂಬತ್ತನೇ ಹೆಸರು ಓದುತ್ತಿದ್ದ ಹಾಗೇ ಅಜ್ಜಿ ನಿಲ್ಲಿಸು ಅಂದರಂತೆ.